ಕೆಂಪು ತಗೊಳ್ಳಲಾ, ನೀಲಿ ತಗೊಳ್ಳಲಾ?

ಹೋದ ವಾರ ತುಮಕೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ನಮ್ಮ ಶೆಡ್ಡಿನಲ್ಲಿ ಎರಡು ವರ್ಷ ಹೆಲ್ಪರ್ ಆಗಿದ್ದವನು. ಈಗ ಊರಲ್ಲಿ ಸ್ವಂತ ಅಂಗಡಿ ಹಾಕಿದ್ದಾನೆ, ಎಸ್‌ಎಸ್ ಗೇಟು, ರೇಲಿಂಗು, ಹೋಟೆಲ್ ಅಡುಗೆಮನೆಯ ಟೇಬಲ್ಲು, ಇಂಥ ಕೆಲಸ.

"ಅಣ್ಣಾ, ಆರ್ಗಾನ್ ಮೆಷಿನ್ ತಗೊಂಡೆ. ಟಂಗ್‌ಸ್ಟನ್ ಯಾವ ಕಲರ್ ತಗೊಳ್ಳಲಿ? ಅಂಗಡಿಯವರು ಕೆಂಪು ತಗೋ ಅಂತಾರೆ, ಯೂಟ್ಯೂಬಲ್ಲಿ ನೀಲಿ ಅಂತಾರೆ."

"ಮೆಷಿನ್ ಬರೀ ಡಿಸಿನಾ, ಎಸಿನೂ ಇದೆಯಾ? ಶೀಟ್ ಎಷ್ಟು ದಪ್ಪ? ಎಷ್ಟು ಆಂಪ್ಸ್‌ನಲ್ಲಿ ಓಡಿಸ್ತೀಯಾ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಣ್ಣಾ, ಕಲರ್ ಹೇಳಣ್ಣ ಸಾಕು" ಅಂದ.

ಕಲರ್ ಹೇಳಿದೆ. ಆದರೆ ಫೋನ್ ಇಟ್ಟ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ನಾನೂ ಹೀಗೇ ಕಲರ್ ಕೇಳಿಕೊಂಡು ಶುರು ಮಾಡಿದವನೇ, ಅದರಿಂದ ಕೆಡಿಸಿದ ಜಾಬ್‌ಗಳ ಲೆಕ್ಕ ನನಗೆ ಮಾತ್ರ ಗೊತ್ತು. ಪೀಣ್ಯದಲ್ಲಿ ಹದಿನಾರು ವರ್ಷ ಆಯಿತು ಈ ಕೆಲಸಕ್ಕೆ ಬಂದು. ಪುಸ್ತಕದಲ್ಲಿ ಟಿಗ್ ಅಂತ ಬರೆದಿರುತ್ತದೆ, ನಮ್ಮಲ್ಲಿ ಎಲ್ಲರೂ ಆರ್ಗಾನ್ ವೆಲ್ಡಿಂಗ್ ಅಂತಲೇ ಕರೆಯುವುದು. ಅವನಿಗೆ ಫೋನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟಾರ್ಚಿನ ತುದಿಯಲ್ಲಿ ಕೂರುವ ಈ ಟಂಗ್‌ಸ್ಟನ್ ಕಡ್ಡಿಯ ಕೆಲಸ ಏನು ಅಂತ ನೋಡಿ. ಮಾಮೂಲಿ ಆರ್ಕ್ ವೆಲ್ಡಿಂಗ್‌ನಲ್ಲಿ ರಾಡ್ ಕರಗಿ ಜಾಯಿಂಟಿಗೆ ಸೇರುತ್ತದೆ. ಇಲ್ಲಿ ಟಂಗ್‌ಸ್ಟನ್ ಕರಗಬಾರದು. ಅದು ಸುಮ್ನೆ ಅಲ್ಲಿ ನಿಂತು ಆರ್ಕ್ ಹಿಡಿದುಕೊಂಡಿರಬೇಕು, ಅಷ್ಟೇ. ಫಿಲ್ಲರ್ ನಾವು ಇನ್ನೊಂದು ಕೈಯಲ್ಲಿ ಕೊಡುತ್ತೇವೆ. ಟಂಗ್‌ಸ್ಟನ್ ಕರಗಲು 3,422 ಡಿಗ್ರಿ ಬೇಕು, ಲೋಹಗಳಲ್ಲಿ ಅದಕ್ಕಿಂತ ಜಾಸ್ತಿ ತಡೆಯುವುದು ಇನ್ನೊಂದಿಲ್ಲ. ಹಳೇ ಬಲ್ಬಿನೊಳಗಿನ ತಂತಿಯೂ ಇದೇ. ಆದರೆ ಬರೀ ಟಂಗ್‌ಸ್ಟನ್‌ನಿಂದ ಎಲೆಕ್ಟ್ರಾನ್ ಹೊರಗೆ ಬರುವುದು ಸ್ವಲ್ಪ ಕಷ್ಟ. ಅದಕ್ಕೇ ನೂರಕ್ಕೆ ಒಂದೆರಡು ಪಾಲು ಬೇರೆ ಲೋಹದ ಆಕ್ಸೈಡ್ ಬೆರೆಸುತ್ತಾರೆ. ಬೆರೆಸಿದರೆ ಆರ್ಕ್ ಬೇಗ ಹತ್ತುತ್ತದೆ, ಅಲುಗಾಡದೆ ನಿಲ್ಲುತ್ತದೆ, ತುದಿಯೂ ಅಷ್ಟು ಬಿಸಿಯಾಗುವುದಿಲ್ಲ. ಕಡ್ಡಿಯ ಹಿಂಭಾಗಕ್ಕೆ ಬಳಿದ ಬಣ್ಣ ಹೇಳುವುದು ಇಷ್ಟನ್ನೇ: ಒಳಗೆ ಏನು ಬೆರೆಸಿದ್ದಾರೆ ಅಂತ.

ಬಣ್ಣಕ್ಕಿಂತ ಮುಂಚೆ ಒಂದು ಮಾತು. ಈಗ ಸಿಗುವ ಸಣ್ಣ ಇನ್ವರ್ಟರ್‌ಗಳಲ್ಲಿ ಆರ್ಕ್, ಟಿಗ್ ಎರಡೂ ಇರುತ್ತವೆ. ಆರ್ಕ್‌ಗೆ ಹೋಲ್ಡರ್ ಸಾಮಾನ್ಯವಾಗಿ ಪ್ಲಸ್‌ನಲ್ಲಿ ಇರುತ್ತದೆ, ಟಿಗ್‌ಗೆ ಟಾರ್ಚ್ ಮೈನಸ್‌ಗೆ ಹೋಗಬೇಕು. ಬೆಳಿಗ್ಗೆ ಗೇಟ್ ಕೆಲಸ ಮಾಡಿ, ಮಧ್ಯಾಹ್ನ ಎಸ್‌ಎಸ್‌ಗೆ ಕೂತಾಗ ಕೇಬಲ್ ಬದಲಾಯಿಸುವುದು ಮರೆತರೆ ಮುಗಿಯಿತು. ನಮ್ಮಲ್ಲಿ ಒಬ್ಬ ಹಾಗೇ ಮಾಡಿದ. ಟ್ರಿಗರ್ ಒತ್ತಿದ ಕ್ಷಣಕ್ಕೆ 2.4 ಮಿಮೀ ದಪ್ಪದ ಹೊಸ ಕಡ್ಡಿ ಬೆಣ್ಣೆಯಂತೆ ಕರಗಿ ಉಂಡೆಯಾಗಿ ಟೇಬಲ್ ಮೇಲೆ ಬಿತ್ತು. "ಅಣ್ಣಾ, ಡೂಪ್ಲಿಕೇಟ್ ಮಾಲು" ಅಂತ ಕೂಗಿದ. ಮಾಲು ಸರಿಯಾಗೇ ಇತ್ತು. ಟಾರ್ಚ್ ಮೈನಸ್‌ನಲ್ಲಿದ್ದರೆ ಬಿಸಿಯ ದೊಡ್ಡ ಪಾಲು ಜಾಬ್‌ಗೆ, ಅಂದರೆ ವೆಲ್ಡ್ ಮಾಡುವ ಲೋಹಕ್ಕೆ ಹೋಗುತ್ತದೆ, ಪ್ಲಸ್‌ನಲ್ಲಿದ್ದರೆ ಅದೇ ಪಾಲು ಕಡ್ಡಿಗೆ ಬರುತ್ತದೆ. ಮೈನಸ್‌ನಲ್ಲಿ 200 ಆಂಪ್ಸ್ ತಡೆಯುವ 2.4ರ ಕಡ್ಡಿ ಪ್ಲಸ್‌ನಲ್ಲಿ 30 ಆಂಪ್ಸ್‌ಗೇ ಸೋಲುತ್ತದೆ. ಹೀಗಾಗಿ ಬಂದ ಮಾಲು ಕಳಪೆ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮೊದಲು ಕೇಬಲ್ ನೋಡಿ.

ಈಗ ಕೆಂಪು. ನಾನು ಕೆಲಸ ಕಲಿತಿದ್ದೇ ಕೆಂಪಿನಲ್ಲಿ, ನಮ್ಮ ಮೇಸ್ತ್ರಿ ಕಲಿತಿದ್ದೂ ಕೆಂಪಿನಲ್ಲಿ, ಅವರ ಮೇಸ್ತ್ರಿಯೂ ಅದೇ. ಎಸ್‌ಎಸ್‌ಗೆ, ಮೈಲ್ಡ್ ಸ್ಟೀಲ್‌ಗೆ, ಡಿಸಿಯಲ್ಲಿ ಅದರ ಕೆಲಸದ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ. ಚೂಪು ಮಾಡಿದರೆ ಸಂಜೆವರೆಗೂ ಚೂಪಾಗಿರುತ್ತದೆ. ಅದರಲ್ಲಿ ಬೆರೆಸಿರುವುದು ಥೋರಿಯಂ ಆಕ್ಸೈಡ್, ನೂರಕ್ಕೆ ಸುಮಾರು 2 ಪಾಲು. ಥೋರಿಯಂ ವಿಕಿರಣ ಸೂಸುವ ವಸ್ತು ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಆರೇಳು ವರ್ಷ ಆದ ಮೇಲೆ, ಅದೂ ಒಂದು ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದಿ.

ಹೆದರಿ ಓಡುವಂಥದ್ದಲ್ಲ. ಅದರಿಂದ ಹೊರಡುವ ಆಲ್ಫಾ ಕಣ ಚರ್ಮದ ಮೇಲ್ಪದರವನ್ನೂ ದಾಟುವುದಿಲ್ಲ. ಕಡ್ಡಿ ಜೇಬಿನಲ್ಲಿದ್ದರೆ, ಟಾರ್ಚಿನಲ್ಲಿದ್ದರೆ ಅಂಥ ತೊಂದರೆ ಇಲ್ಲ. ತೊಂದರೆ ಇರುವುದು ಸಾಣೆ ಹಿಡಿಯುವಾಗ. ಆ ಬೂದಿ ಬಣ್ಣದ ಧೂಳು ಮೂಗಿನಿಂದ ಒಳಗೆ ಹೋಗಿ ಶ್ವಾಸಕೋಶದಲ್ಲಿ ಕೂತರೆ ಅಲ್ಲಿ ಅಡ್ಡ ಬರಲು ಚರ್ಮ ಇಲ್ಲ. ಥೋರಿಯಂ ಅರ್ಧಕ್ಕೆ ಇಳಿಯಲು ಸುಮಾರು 1,400 ಕೋಟಿ ವರ್ಷ ಬೇಕು, ಹಾಗಾಗಿ ಅದು ಖಾಲಿಯಾಗಲಿ ಅಂತ ಕಾಯುವುದೂ ಆಗದ ಮಾತು. ನಾವು ಏನು ಮಾಡುತ್ತಿದ್ದೆವು? ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ಬೆಂಚ್ ಗ್ರೈಂಡರ್ ಮುಂದೆ ಬಗ್ಗಿ, ದಿನಕ್ಕೆ ಹತ್ತು ಸಲ ತೀಡಿ, ಆ ಧೂಳನ್ನು ಬಾಯಿಂದ ಊದಿ, ಪಕ್ಕದಲ್ಲೇ ಟೀ ಇಟ್ಟುಕೊಂಡು ಕುಡಿಯುತ್ತಿದ್ದೆವು.

ಒಂದು ತಮಾಷೆ ಹೇಳುತ್ತೇನೆ. ಚಿಕ್ಕವನಾಗಿದ್ದಾಗ ಊರ ಬಯಲಾಟಕ್ಕೆ ಪೆಟ್ರೋಮ್ಯಾಕ್ಸ್ ಹಚ್ಚುತ್ತಿದ್ದರು. ಆ ದೀಪದೊಳಗಿನ ಬಿಳೀ ಬಲೆಯಂಥ ಮ್ಯಾಂಟಲ್ ಇರುತ್ತಿತ್ತಲ್ವಾ, ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನು ಮಾಡುವ ಸರಿಯಾದ ಹದ ಕಂಡುಹಿಡಿದವನು ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್, 1891ರಲ್ಲಿ. ಹದ ಏನಪ್ಪಾ ಅಂದರೆ 99 ಪಾಲು ಥೋರಿಯಂ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್. ಕೆಂಪು ಕಡ್ಡಿಯಲ್ಲಿರುವುದೂ ಥೋರಿಯಂ, ಬೂದು ಕಡ್ಡಿಯಲ್ಲಿರುವುದೂ ಸೀರಿಯಂ. ಬಯಲಾಟದ ದೀಪದ ಮಸಾಲೆಯೇ ಬಂದು ನನ್ನ ಟಾರ್ಚಿನಲ್ಲಿ ಕೂತಿದೆ. ನಮ್ಮ ಪಕ್ಕದ ಕೇರಳದ ಕರಾವಳಿ ಮರಳಿನಲ್ಲಿ ಥೋರಿಯಂ ದಂಡಿಯಾಗಿದೆ.

ಇರಲಿ. ಕೆಂಪು ಬಿಟ್ಟು ನಾವು ಹೋಗಿದ್ದು ನೀಲಿಗೆ. ತಿಳಿ ನೀಲಿ ಅಂದರೆ 2 ಪಾಲು ಲ್ಯಾಂಥನಂ ಆಕ್ಸೈಡ್. ಚಿನ್ನದ ಬಣ್ಣದ್ದು ಒಂದೂವರೆ ಪಾಲು, ಕಪ್ಪು 1 ಪಾಲು, ಮೂರೂ ಒಂದೇ ಮನೆಯವು. ವಿಕಿರಣದ ತಲೆನೋವಿಲ್ಲ. ಡಿಸಿಯಲ್ಲಿ ಕೆಂಪಿನ ಹಾಗೇ ಓಡುತ್ತದೆ, ಎಸಿಯಲ್ಲೂ ನಡೆಯುತ್ತದೆ. ಮೊದಲ ವಾರ ಮೇಸ್ತ್ರಿ "ಇದರಲ್ಲಿ ಆ ಧಮ್ ಇಲ್ಲ" ಅಂತ ಗೊಣಗಿದರು. ಒಂದು ದಿನ ನೀಲಿ ಕಡ್ಡಿಯ ಬಣ್ಣದ ತುದಿಯನ್ನು ಒಳಗೆ ಮಾಡಿ ಕ್ಯಾಪ್ ಹಾಕಿ ಟಾರ್ಚ್ ಕೊಟ್ಟೆ. ಊಟದವರೆಗೂ ವೆಲ್ಡ್ ಮಾಡಿದರು, ಕೆಂಪು ಅಂದುಕೊಂಡೇ. ಅವರಿಗೆ ಈಗಲೂ ಹೇಳಿಲ್ಲ, ಇದನ್ನು ಓದಿದರೆ ಬೈಯುತ್ತಾರೆ.

ಬೂದು ಬಣ್ಣದ ಸೀರಿಯಂ ಕಡ್ಡಿ ತೆಳು ಶೀಟಿಗೆ ಒಳ್ಳೆಯದು. ಕಡಿಮೆ ಆಂಪ್ಸ್‌ನಲ್ಲಿ ಚಟಕ್ ಅಂತ ಹತ್ತುತ್ತದೆ. ಜಾಸ್ತಿ ಆಂಪ್ಸ್ ಹೊತ್ತು ಇಡೀ ದಿನ ಓಡುವುದಕ್ಕೆ ಅದು ಅಲ್ಲ, ಆ ಬಿಸಿಗೆ ಸೀರಿಯಂ ತುದಿಯಿಂದ ಹಾರಿಹೋಗುತ್ತದೆ. ಹಳೇ ಅಮೆರಿಕನ್ ಪಟ್ಟಿಯಲ್ಲಿ ಇದೇ ಸೀರಿಯಂ ಕಿತ್ತಳೆ ಬಣ್ಣದ್ದಾಗಿತ್ತು, ಆಮೇಲೆ ಎಲ್ಲರೂ ಬೂದು ಅಂತ ಒಪ್ಪಿದರು, ಹಾಗಾಗಿ ಹಳೇ ಚಾರ್ಟ್ ನೋಡಿ ಗಾಬರಿಯಾಗಬೇಡಿ. ನೇರಳೆ ಬಣ್ಣದ್ದರಲ್ಲಿ ಎರಡು ಮೂರು ಥರದ ಆಕ್ಸೈಡ್ ಸೇರಿಸಿರುತ್ತಾರೆ. ಚೆನ್ನಾಗಿದೆ ಅಂತ ಹೇಳುವವರಿದ್ದಾರೆ. ನಾನು ಒಂದೇ ಪ್ಯಾಕೆಟ್ ಬಳಸಿದ್ದು, ನೀಲಿಗೂ ಅದಕ್ಕೂ ನನ್ನ ಕೈಗೆ ವ್ಯತ್ಯಾಸ ತಿಳಿಯಲಿಲ್ಲ.

ಅಲ್ಯೂಮಿನಿಯಂ ಕಥೆ ಬೇರೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಆದರೆ ಅದರ ಮೇಲೆ ಕೂತಿರುವ ಆಕ್ಸೈಡ್ ಪದರ ಕರಗಲು 2,000 ಡಿಗ್ರಿ ದಾಟಬೇಕು. ಹಾಲಿನ ಕೆನೆ ಹಾಗೇ ಇದ್ದು ಒಳಗಿನ ಹಾಲು ಉಕ್ಕಿದ ಹಾಗೆ. ಆ ಕೆನೆ ಒಡೆಯಲಿಕ್ಕೇ ಎಸಿ ಬೇಕು. ಅದರ ಅರ್ಧ ಸುತ್ತಿನಲ್ಲಿ ಟಾರ್ಚ್ ಪ್ಲಸ್ ಆಗಿ ಪದರ ಚದುರುತ್ತದೆ, ಇನ್ನರ್ಧದಲ್ಲಿ ಮೈನಸ್ ಆಗಿ ಜಾಬ್‌ಗೆ ಬಿಸಿ ಹೋಗುತ್ತದೆ. ಆ ಪ್ಲಸ್ ಸರದಿಯಲ್ಲಿ ಕಡ್ಡಿ ಒದ್ದಾಡಿಬಿಡುತ್ತದೆ. ನಾನು ಒಮ್ಮೆ ಬುದ್ಧಿ ಇಲ್ಲದೆ ಕೆಂಪು ಕಡ್ಡಿಯಲ್ಲೇ ಒಬ್ಬರ ಬೈಕಿನ ಎಂಜಿನ್ ಕವರ್ ಹಿಡಿದು ಕೂತೆ. ತುದಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು, ಹೂಕೋಸಿನ ಹಾಗೆ, ಆರ್ಕ್ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಕೊನೆಗೆ ಒಂದು ಚೂರು ಸಿಡಿದು ವೆಲ್ಡ್ ಒಳಗೇ ಹೋಯಿತು. ಕವರ್ ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಮತ್ತೆ ತೀಡಿ, ಬಿಚ್ಚಿ, ಮತ್ತೆ ತುಂಬಿ ಕೊಟ್ಟೆ. ಕೂಲಿ ಕೇಳಲು ಬಾಯಿ ಬರಲಿಲ್ಲ.

ನಿಮ್ಮ ಹತ್ತಿರ ಹಳೇ ಟ್ರಾನ್ಸ್‌ಫಾರ್ಮರ್ ಮೆಷಿನ್ ಇದ್ದರೆ, ನಾಲ್ಕು ಜನ ಸೇರಿ ಎತ್ತಬೇಕಾದ ಆ ರಾಕ್ಷಸ, ಅದಕ್ಕೆ ಹಸಿರು ಸರಿ. ಹಸಿರು ಅಂದರೆ ಏನೂ ಬೆರೆಸದ ಬರೀ ಟಂಗ್‌ಸ್ಟನ್. ಎಸಿಯಲ್ಲಿ ಅದರ ತುದಿ ತಾನೇ ಕರಗಿ ನಯವಾದ ಗುಂಡು ಆಗುತ್ತದೆ, ಅದರ ಮೇಲೆ ಆರ್ಕ್ ಚೆನ್ನಾಗಿ ನಿಲ್ಲುತ್ತದೆ. ಬಿಳಿ ಬಣ್ಣದ ಜಿರ್ಕೋನಿಯಂ ಕಡ್ಡಿ ಇನ್ನೂ ಜಾಸ್ತಿ ಆಂಪ್ಸ್ ತಡೆಯುತ್ತದೆ, ಅದೂ ಎಸಿಗೆ ಮಾತ್ರ. ಹೊಸ ಎಸಿ ಇನ್ವರ್ಟರ್ ಇದ್ದರೆ ಹಸಿರು ತಗೊಂಡು ದುಡ್ಡು ಹಾಳು ಮಾಡಬೇಡಿ. ಅದರಲ್ಲಿ ಪ್ಲಸ್‌ಗೆ ಎಷ್ಟು ಹೊತ್ತು, ಮೈನಸ್‌ಗೆ ಎಷ್ಟು ಹೊತ್ತು ಅಂತ ನಾವೇ ತಿರುಗಿಸಿ ಇಡಬಹುದು. ಪ್ಲಸ್ ಕಡಿಮೆ ಇಟ್ಟು ನೀಲಿ ಕಡ್ಡಿಯನ್ನೇ ಚೂಪು ಮಾಡಿ, ತುದಿ ಸ್ವಲ್ಪ ಮೊಂಡು ಮಾಡಿ ಬಳಸಿದರೆ ಆರ್ಕ್ ಹೇಳಿದ ಜಾಗದಲ್ಲೇ ನಿಲ್ಲುತ್ತದೆ. ತುದಿಯ ಗುಂಡು ಕಡ್ಡಿಗಿಂತ ದಪ್ಪ ಆಗುತ್ತಿದೆ ಅಂದರೆ ಕ್ಲೀನಿಂಗ್, ಅಂದರೆ ಆ ಪ್ಲಸ್ ಹೊತ್ತು, ಜಾಸ್ತಿ ಇಟ್ಟಿದ್ದೀರಿ, ಇಲ್ಲವೇ ಕಡ್ಡಿ ಸಣ್ಣದಾಯಿತು.

ಆ ಕೊನೆಯ ಮಾತೇ ನನಗೆ ಮುಖ್ಯ. ಹುಡುಗ ಬಣ್ಣ ಕೇಳಿದ, ದಪ್ಪ ಕೇಳಲಿಲ್ಲ. ನನ್ನ ಅನುಭವದಲ್ಲಿ ಜಾಬ್ ಕೆಡುವುದು ಬಣ್ಣದಿಂದ ಕಡಿಮೆ, ದಪ್ಪದಿಂದ ಜಾಸ್ತಿ. ಡಿಸಿ ಮೈನಸ್‌ನಲ್ಲಿ 1 ಮಿಮೀ ಕಡ್ಡಿ ಸುಮಾರು 80 ಆಂಪ್ಸ್‌ವರೆಗೆ, 1.6 ಮಿಮೀ 70ರಿಂದ 150, 2.4 ಮಿಮೀ 150ರಿಂದ 250, 3.2 ಆದರೆ 400ರವರೆಗೂ ಅಂತ ಇಟ್ಟುಕೊಳ್ಳಿ. ಎಸಿಯಲ್ಲಿ ಇದಕ್ಕಿಂತ ಕಡಿಮೆಯೇ ತಡೆಯುವುದು. 1.6ಕ್ಕೆ 180 ಕೊಟ್ಟರೆ ತುದಿ ಬೆವರಿದ ಹಾಗೆ ಹೊಳೆದು ನಡುಗುತ್ತದೆ, ಆಮೇಲೆ ಹನಿ ಬೀಳುತ್ತದೆ. 3.2ರ ಕಡ್ಡಿ ಹಾಕಿ 40 ಆಂಪ್ಸ್‌ನಲ್ಲಿ 1 ಮಿಮೀ ಶೀಟ್ ಮಾಡಹೊರಟರೆ ಆರ್ಕ್ ತುದಿಯ ಸುತ್ತ ದಾರಿ ತಪ್ಪಿದ ಕುರಿಯ ಹಾಗೆ ಅಲೆಯುತ್ತದೆ. ಹೋಟೆಲ್ ಟೇಬಲ್, ರೇಲಿಂಗ್ ಮಾಡುವವನಿಗೆ 1.6 ಒಂದು ಪ್ಯಾಕೆಟ್, 2.4 ಒಂದು ಪ್ಯಾಕೆಟ್ ಇದ್ದರೆ ವರ್ಷದ ಕೆಲಸ ನಡೆಯುತ್ತದೆ. ಹೊಸ ದಪ್ಪ ಹಾಕಿದಾಗ ಟಾರ್ಚಿನೊಳಗೆ ಕಡ್ಡಿಯನ್ನು ಬಿಗಿಹಿಡಿಯುವ ಕಾಲೆಟ್ಟೂ ಅದೇ ಅಳತೆಯದ್ದು ಹಾಕಬೇಕು, ಇದನ್ನು ಮರೆತು ಕಡ್ಡಿ ಒಳಗೆ ಲೊಡಲೊಡ ಅಂತಿದ್ದರೂ ವೆಲ್ಡ್ ಮಾಡಿದವರನ್ನು ನೋಡಿದ್ದೇನೆ.

ಸಾಣೆ ಹಿಡಿಯುವ ವಿಷಯಕ್ಕೆ ಬಂದರೆ ಎಲ್ಲರಿಗೂ ಅವಸರ. ಕಡ್ಡಿಯನ್ನು ಚಕ್ರಕ್ಕೆ ಅಡ್ಡ ಹಿಡಿದು ಗರಗರ ತಿರುಗಿಸಿದರೆ ತುದಿಯ ಸುತ್ತ ಬಳೆಯ ಹಾಗೆ ಗೀರು ಬೀಳುತ್ತದೆ, ಆರ್ಕ್ ಆ ಗೀರಿನಲ್ಲಿ ಸಿಕ್ಕಿಕೊಂಡು ಪಕ್ಕಕ್ಕೆ ಎಳೆಯುತ್ತದೆ. ಗೀರು ಉದ್ದಕ್ಕೆ ಇರಬೇಕು, ಪೆನ್ಸಿಲ್ ಹೆರೆದಂತೆ. ಕಡ್ಡಿಯ ತುದಿ ಚಕ್ರ ತಿರುಗುವ ದಿಕ್ಕಿಗೇ ನೇರವಾಗಿರಬೇಕು, ಬೆರಳಲ್ಲಿ ನಿಧಾನ ಉರುಳಿಸುತ್ತಾ ಹೋಗಬೇಕು. ಬೆರಳು ಸುಡುತ್ತದೆ ಅನ್ನುವವರು ಡ್ರಿಲ್ ಮೆಷಿನ್ನಿನ ಬಾಯಿಗೆ ಸಿಕ್ಕಿಸಿ ನಿಧಾನ ತಿರುಗಿಸಿ. ಇಳಿಜಾರು ಕಡ್ಡಿಯ ದಪ್ಪದ ಎರಡರಿಂದ ಎರಡೂವರೆ ಪಟ್ಟು ಇದ್ದರೆ ಸಾಕು, ಅಂದರೆ 2.4ಕ್ಕೆ 5 ರಿಂದ 6 ಮಿಮೀ. ಸೂಜಿಯಷ್ಟು ಚೂಪು ಮಾಡಿ ಜಾಸ್ತಿ ಆಂಪ್ಸ್ ಕೊಟ್ಟರೆ ಆ ಮೊನೆ ಮುರಿದು ವೆಲ್ಡ್‌ಗೆ ಹೋಗುತ್ತದೆ, ಕೊನೆಯಲ್ಲಿ ಒಂಚೂರು ಮೊಂಡು ಮಾಡಿ.

ಇಲ್ಲಿ ಒಂದು ಉಲ್ಟಾ ಲೆಕ್ಕ ಇದೆ. ತುಂಬಾ ಚೂಪಾದ ತುದಿ ಆಳಕ್ಕೆ ಇಳಿಯುತ್ತದೆ ಅಂತ ನಾನು ವರ್ಷಗಟ್ಟಲೆ ನಂಬಿದ್ದೆ. ಆಗುವುದು ತದ್ವಿರುದ್ಧ. ಚೂಪು ಜಾಸ್ತಿಯಾದಷ್ಟೂ ಆರ್ಕ್ ಛತ್ರಿಯ ಹಾಗೆ ಅಗಲ ಬಿಚ್ಚಿಕೊಳ್ಳುತ್ತದೆ, ಆಳ ಕಡಿಮೆ. ತುದಿಯ ಕೋನ 60 ಡಿಗ್ರಿಯಷ್ಟು ಮೊಂಡ ಇಟ್ಟರೆ ಆರ್ಕ್ ಕಿರಿದಾಗಿ ಒಳಗೆ ಇಳಿಯುತ್ತದೆ. ತೆಳು ಶೀಟಿಗೆ ಚೂಪು, ದಪ್ಪ ಪ್ಲೇಟಿಗೆ ಮೊಂಡ.

ಟಂಗ್‌ಸ್ಟನ್‌ಗೆ ಬೇರೆ ಚಕ್ರವೇ ಇರಲಿ, ಡೈಮಂಡ್ ಚಕ್ರ ಆದರೆ ಇನ್ನೂ ವಾಸಿ. ಮೈಲ್ಡ್ ಸ್ಟೀಲ್ ತೀಡಿದ ಚಕ್ರದಲ್ಲೇ ಇದನ್ನೂ ತೀಡಿದರೆ ಕಬ್ಬಿಣದ ಪುಡಿ ತುದಿಗೆ ಮೆತ್ತಿಕೊಂಡು, ಆರ್ಕ್ ಹತ್ತಿದ ತಕ್ಷಣ ಚಿರಿಚಿರಿ ಅಂತ ಸಿಡಿಯುತ್ತದೆ. ಯಾವ ಬಣ್ಣದ ಕಡ್ಡಿಯಾದರೂ ಮಾಸ್ಕ್ ಹಾಕಿಕೊಳ್ಳಿ. ಬಣ್ಣ ಇರುವ ತುದಿಯನ್ನು ಮಾತ್ರ ತೀಡಬೇಡಿ, ಬಣ್ಣ ಹೋದರೆ ಯಾವ ಕಡ್ಡಿ ಯಾವುದು ಅಂತ ಬ್ರಹ್ಮನೂ ಹೇಳಲಾರ, ನೋಡಲು ಎಲ್ಲವೂ ಒಂದೇ. ನಮ್ಮ ಡಬ್ಬಿಯಲ್ಲಿ ಹೀಗೆ ಜಾತಿ ಗೊತ್ತಿಲ್ಲದ ಹದಿನೈದು ತುಂಡು ಬಿದ್ದಿವೆ.

ಕಡ್ಡಿ ಕರಗಿದ ಲೋಹಕ್ಕೆ ತಾಗಿದರೆ ಅಲ್ಲಿಗೇ ನಿಲ್ಲಿಸಬೇಕು. ಎಲ್ಲರಿಗೂ ತಾಗುತ್ತದೆ, ಹದಿನಾರು ವರ್ಷ ಆದರೂ ನನಗೂ ತಾಗುತ್ತದೆ. "ಇನ್ನೊಂದಿಂಚು ಇದೆ, ಮುಗಿಸಿಬಿಡೋಣ" ಅನ್ನುವ ಆಸೆ ಇದೆಯಲ್ಲ, ಅದೇ ಕೆಡಿಸುವುದು. ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಯ ಸ್ಟೀಮ್ ಪೈಪಿನ ಕೆಲಸ ಸಿಕ್ಕಿತ್ತು. ಜಾಯಿಂಟ್‌ಗಳಿಗೆ ಎಕ್ಸ್‌ರೇ ಇತ್ತು. ಹೊರಗಿನಿಂದ ನನ್ನ ವೆಲ್ಡ್ ಮೀನಿನ ಮೈ ಹಾಗೆ ಸಾಲು ಸಾಲು, ನೋಡಿದವರೆಲ್ಲ ಭೇಷ್ ಅಂದರು. ಫಿಲ್ಮ್ ಬಂದಾಗ ಎರಡು ಜಾಯಿಂಟಿನಲ್ಲಿ ಬೆಳ್ಳಗೆ ಚುಕ್ಕಿ. ಗಾಳಿ ಗುಳ್ಳೆ ಆದರೆ ಫಿಲ್ಮಿನಲ್ಲಿ ಕಪ್ಪಗೆ ಕಾಣುತ್ತದೆ, ಬಿಳಿ ಅಂದರೆ ಟಂಗ್‌ಸ್ಟನ್. ಕಬ್ಬಿಣಕ್ಕಿಂತ ಅದು ಸುಮಾರು ಎರಡೂವರೆ ಪಟ್ಟು ಭಾರ, ಹೆಚ್ಚುಕಮ್ಮಿ ಚಿನ್ನದ ತೂಕ, ಹಾಗಾಗಿ ಕಿರಣವನ್ನು ಅದೇ ತಡೆದು ನಿಲ್ಲಿಸುತ್ತದೆ. ಸ್ವೀಡನ್ ಭಾಷೆಯಲ್ಲಿ ಟಂಗ್‌ಸ್ಟನ್ ಅಂದರೆ ಭಾರದ ಕಲ್ಲು ಅಂತ ಅರ್ಥವಂತೆ, ಆವತ್ತು ಆ ಕಲ್ಲು ನನ್ನ ಎದೆ ಮೇಲೇ ಕೂತಿತ್ತು. ಇನ್‌ಸ್ಪೆಕ್ಟರ್ ಒಂದು ಮಾತೂ ಆಡದೆ ಚಾಕ್‌ಪೀಸಿನಿಂದ ಆ ಎರಡು ಜಾಯಿಂಟ್ ಸುತ್ತ ಗುರುತು ಹಾಕಿ ಹೋದರು. ಎರಡನ್ನೂ ಕಟ್ ಮಾಡಿ ಮತ್ತೆ ಮಾಡಿದೆ. ಎಲ್ಲಿ ತಾಗಿತ್ತು ಅಂತ ನನಗೆ ನೆನಪಿತ್ತು, ಎರಡೂ ಕಡೆ.

ತಾಗಿದ ತುದಿಯನ್ನು ಕಟಿಂಗ್ ಪ್ಲೈಯರ್‌ನಲ್ಲಿ ಕಚ್ಚಿ ಮುರಿಯಬೇಡಿ. ಟಂಗ್‌ಸ್ಟನ್ ಗಾಜಿನ ಹಾಗೆ, ಉದ್ದಕ್ಕೆ ಸೀಳು ಬಿಡುತ್ತದೆ, ಆ ಸೀಳು ಕಣ್ಣಿಗೆ ಕಾಣುವುದೂ ಇಲ್ಲ. ಡೈಮಂಡ್ ಚಕ್ರದಲ್ಲಿ ಸುತ್ತ ಒಂದು ಗೀರು ಹಾಕಿ ಆಮೇಲೆ ಮುರಿಯಿರಿ.

ಇನ್ನು ಗ್ಯಾಸ್. ಬಿಸಿ ಕಡ್ಡಿಗೂ ವೆಲ್ಡ್‌ಗೂ ಗಾಳಿ ತಾಗದ ಹಾಗೆ ಕಾಯುವುದು ಟಾರ್ಚಿನಿಂದ ಬರುವ ಆರ್ಗಾನ್. ವೆಲ್ಡ್ ನಿಲ್ಲಿಸಿದ ಮೇಲೂ ಅದು ಸ್ವಲ್ಪ ಹೊತ್ತು ಬರುತ್ತಿರಬೇಕು, 10 ಆಂಪ್ಸ್‌ಗೆ 1 ಸೆಕೆಂಡ್ ಲೆಕ್ಕ. 100 ಆಂಪ್ಸ್‌ನಲ್ಲಿ ಮಾಡಿದರೆ 10 ಸೆಕೆಂಡ್ ಟಾರ್ಚ್ ಅಲ್ಲೇ ಹಿಡಿದು ನಿಲ್ಲಿ. ಸಿಲಿಂಡರ್ ಉಳಿಸೋಣ ಅಂತ ಓನರ್‌ಗಳು ಇದನ್ನು 2 ಸೆಕೆಂಡಿಗೆ ಇಡಿಸುತ್ತಾರೆ, ನಾನೂ ಓನರ್ ಆದ ಹೊಸದರಲ್ಲಿ ಇಡಿಸಿದ್ದೆ. ಕಡ್ಡಿ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಸರಿ. ನೀಲಿ, ನೇರಳೆ, ಕಪ್ಪು ತಿರುಗಿದ್ದರೆ ಬಿಸಿ ಇರುವಾಗಲೇ ಗಾಳಿ ತಾಗಿದೆ ಅಂತ ಅರ್ಥ. ಉಳಿಸಿದ ಗ್ಯಾಸಿನ ದುಡ್ಡು ಕಡ್ಡಿ ತೀಡುವುದರಲ್ಲೇ ಹೋಗುತ್ತದೆ.

ನಿನ್ನೆ ಹುಡುಗ ಮತ್ತೆ ಫೋನ್ ಮಾಡಿದ್ದ. 1.6ದು, 2.4ದು ಎರಡೂ ನೀಲಿ ತಂದನಂತೆ, ಹಸಿರು ಒಂದು ಪ್ಯಾಕೆಟ್ "ಇರಲಿ ಅಂತ" ತಂದನಂತೆ, ಮೆಷಿನ್ ಮಾತ್ರ ಬರೀ ಡಿಸಿ! ಆ ಹಸಿರನ್ನು ವಾಪಸ್ ಕೊಡು ಅಂದೆ. "ಆಗಲೇ ಒಂದು ತೀಡಿಬಿಟ್ಟೆ ಅಣ್ಣಾ" ಅಂದ. ಯಾವ ತುದಿ ಅಂತ ಕೇಳಿದೆ. ಬಣ್ಣ ಇದ್ದ ತುದಿಯನ್ನೇ.